ನೀರು ನಿಂತ ಕಾಲಿಗೆ ಉಸಿರು ಸಾಲದು

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಹರಪನಹಳ್ಳಿಯ ನನ್ನ ದವಾಖಾನೆಗೆ ಐವತ್ತು ದಾಟಿದ ಖಾಲಾ ಒಬ್ಬರು ಮಗನ ಹೆಗಲು ಹಿಡಿದುಕೊಂಡು ಬಂದರು. ಎಡಗಾಲು ಮೊಣಕಾಲಿನಿಂದ ಕೆಳಗೆ ಕಂಬದಂತಾಗಿತ್ತು. ಪಾದದ ಮೇಲಿನ ಚರ್ಮ ಹಲಸಿನ ಹಣ್ಣಿನ ಸಿಪ್ಪೆಯಷ್ಟು ಒರಟು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಕೂಲಿಗೆಂದು ಮಂಗಳೂರಿನ ಕಡೆ ಹೋಗಿ ಹನ್ನೆರಡು ವರ್ಷ ಅಲ್ಲೇ ಇದ್ದವರು. ಊರಿಗೆ ಮರಳಿದ ಮೇಲೆ ಬಾವು ಶುರುವಾಗಿ ಹದಿನಾರು ವರ್ಷವಾಗಿದೆ.

“ಹಕೀಂ ಸಾಬ್, ಒಂದು ಸಲ ಹಿಜಾಮಾ ಮಾಡಿಸಿದ್ದೆ. ಪೂರ್ತಿ ಬರಲಿಲ್ಲ ಅನ್ನಿಸುತ್ತದೆ. ನೀವು ಇನ್ನೊಮ್ಮೆ ಹಾಕಿ ಕೆಟ್ಟ ನೀರೆಲ್ಲ ತೆಗೆದುಬಿಡಿ” ಎಂದರು.

ಮೀನಖಂಡದ ಮೇಲೆ ಹಿಂದೆ ಯಾರೋ ಹಾಕಿದ್ದ ಗೀರುಗಳು ಮೂರು ತಿಂಗಳು ಕಳೆದರೂ ಮುಚ್ಚಿರಲಿಲ್ಲ. ಅವುಗಳಿಂದ ತಿಳಿನೀರು ಜಿನುಗುತ್ತಿತ್ತು. ಗೀರು ಹಾಕಿದ ಎರಡನೇ ದಿನವೇ ಚಳಿಜ್ವರ ಬಂದು, ಕಾಲು ಕೆಂಡದಂತೆ ಕೆಂಪಾಗಿ, ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದರಂತೆ. ಅಷ್ಟಾದರೂ ಅವರಿಗೆ ಹಿಜಾಮಾದ ಮೇಲಿನ ನಂಬಿಕೆ ಕಡಿಮೆಯಾಗಿರಲಿಲ್ಲ. ಹಿಜಾಮಾ ನನ್ನ ಓದಿನ ಭಾಗ, ನನ್ನ ದುಡಿಮೆಯ ಭಾಗ. ಬೆನ್ನುನೋವಿಗೆ, ಭುಜದ ಬಿಗಿತಕ್ಕೆ ನಾನೂ ಮಾಡುತ್ತೇನೆ. ಆದರೆ ಈ ಕಾಲಿಗೆ ಮಾಡುವುದಿಲ್ಲ ಎಂದೆ. “ಯಾಕೆ?” ಎಂದು ಮಗ ಕೇಳಿದ. ಅವತ್ತು ಹೊರಗೆ ಹದಿನೈದು ಜನ ಕಾಯುತ್ತಿದ್ದುದರಿಂದ ಅರ್ಧ ಉತ್ತರ ಕೊಟ್ಟು ಕಳಿಸಿದ್ದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾಲೂಕಿನಲ್ಲಿ ಮೆಕ್ಕೆಜೋಳ ಬೆಳೆಯದವರು ಕಡಿಮೆ. ಎರೆಹೊಲದಲ್ಲಿ ಜಡಿಮಳೆ ಹಿಡಿದು ನಾಲ್ಕು ದಿನ ನೀರು ನಿಂತರೆ ಏನಾಗುತ್ತದೆಂದು ರೈತರಿಗೆ ಹೇಳಿಕೊಡಬೇಕಿಲ್ಲ. ಬುಡದಲ್ಲಿ ಬೇಕಾದಷ್ಟು ನೀರಿದ್ದರೂ ಎಲೆ ಹಳದಿಯಾಗಿ ಬೆಳೆ ಸೊರಗುತ್ತದೆ. ಮಣ್ಣಿನ ಕಣಗಳ ನಡುವೆ ಇರಬೇಕಾದ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡು ಬೇರಿಗೆ ಉಸಿರು ಕಟ್ಟುತ್ತದೆ. ಆಗ ಮೇಲಿನಿಂದ ಯೂರಿಯಾ ಚೆಲ್ಲಿದರೆ ದುಡ್ಡು ದಂಡ. ಬಸಿಗಾಲುವೆ ತೆಗೆದು ನೀರು ಹೊರಗೆ ಹಾಕಬೇಕು. ಆನೆಕಾಲಿನ ಒಳಗೆ ನಡೆಯುವುದೂ ಬಹುಮಟ್ಟಿಗೆ ಇದೇ.

ನಮ್ಮ ದೇಹದಲ್ಲಿ ರಕ್ತನಾಳಗಳ ಜೊತೆಗೆ ಇನ್ನೊಂದು ಕಾಲುವೆ ವ್ಯವಸ್ಥೆ ಇದೆ. ಅದರಲ್ಲಿ ಹರಿಯುವುದು ಲಿಂಫ್, ಕನ್ನಡದಲ್ಲಿ ದುಗ್ಧರಸ. ಕೂದಲಿಗಿಂತ ಸಣ್ಣ ರಕ್ತನಾಳಗಳಿಂದ ನೀರು, ಉಪ್ಪು, ಸ್ವಲ್ಪ ಪ್ರೋಟೀನು ದಿನವಿಡೀ ಹೊರಗೆ ಸೋರುತ್ತಲೇ ಇರುತ್ತವೆ. ಸೋರಿದ್ದನ್ನು ಬಳಿದು ಮತ್ತೆ ರಕ್ತಕ್ಕೆ ಸೇರಿಸುವುದು ಈ ಕಾಲುವೆಗಳ ಕೆಲಸ. ಅವುಗಳಿಗೆ ಹೃದಯದಂಥ ದೊಡ್ಡ ಪಂಪು ಇಲ್ಲ. ನಾಳಗಳ ಗೋಡೆ ತಾನೇ ಹಿಂಡಿಕೊಳ್ಳುತ್ತದೆ, ಒಳಗಿನ ಕವಾಟಗಳು ಹಿಮ್ಮುಖ ಹರಿವನ್ನು ತಡೆಯುತ್ತವೆ, ಸುತ್ತಲಿನ ಸ್ನಾಯು ಮತ್ತು ನಾವು ಎಳೆದುಕೊಳ್ಳುವ ಉಸಿರು ಉಳಿದ ಸಹಾಯ ಮಾಡುತ್ತವೆ. ಫೈಲೇರಿಯಾ ಹುಳು ಈ ನಾಳಗಳೊಳಗೆ ವರ್ಷಗಟ್ಟಲೆ ಬಾಳಿ ಅವನ್ನು ಹಿಗ್ಗಿಸಿ ಕವಾಟಗಳನ್ನು ಕೆಡಿಸುತ್ತದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ಕೈಗೂ ಇದೇ ಗತಿ ಬರಬಹುದು. ಮನೆಯಲ್ಲಿ ಅಂಥವರಿದ್ದರೆ ಅವರಿಗೂ ಇದನ್ನು ಓದಿ ಹೇಳಿ.

ಇನ್ನು ಆಮ್ಲಜನಕದ ಮಾತು. ರಕ್ತ ಅದನ್ನು ಸಣ್ಣ ನಾಳದವರೆಗೆ ಹೊತ್ತು ತರುತ್ತದೆ. ಅಲ್ಲಿಂದ ಜೀವಕೋಶದವರೆಗೆ ಹೊರುವವರಿಲ್ಲ, ಅದು ತಾನಾಗಿಯೇ ಹರಡಿಕೊಂಡು ಹೋಗಬೇಕು. ಹೀಗೆ ಹೋಗಬಲ್ಲ ದೂರ ಹೆಚ್ಚೆಂದರೆ ಒಂದೆರಡು ಕೂದಲೆಳೆಯ ದಪ್ಪದಷ್ಟು. ಆರೋಗ್ಯವಂತ ಕಾಲಿನಲ್ಲಿ ಪ್ರತಿ ಜೀವಕೋಶಕ್ಕೂ ಅಷ್ಟರೊಳಗೇ ಒಂದು ರಕ್ತನಾಳ ಇರುತ್ತದೆ. ನಡುವೆ ನೀರು ತುಂಬಿದರೆ ನಾಳ ಅತ್ತ, ಜೀವಕೋಶ ಇತ್ತ. ರಕ್ತದಲ್ಲಿ ಆಮ್ಲಜನಕಕ್ಕೆ ಏನೂ ಕೊರತೆಯಿಲ್ಲ. ಬೆರಳ ತುದಿಗೆ ಯಂತ್ರ ಹಾಕಿ ನೋಡಿದರೆ 98 ತೋರಿಸುತ್ತದೆ. ಕಾಲಿನ ಚರ್ಮದಡಿಯ ಜೀವಕೋಶ ಮಾತ್ರ ಹಸಿದು ಕೂತಿರುತ್ತದೆ.

ಹಸಿದ ಜೀವಕೋಶ ಸುಮ್ಮನೆ ಕೂರುವುದಿಲ್ಲ. ಅದರೊಳಗೆ ಹಿಫ್ ಎಂಬ ಪ್ರೋಟೀನೊಂದಿದೆ. ಆಮ್ಲಜನಕ ಸಾಕಷ್ಟಿದ್ದಾಗ ಜೀವಕೋಶ ಇದನ್ನು ತಯಾರಿಸಿದ ಕೆಲವೇ ನಿಮಿಷಗಳಲ್ಲಿ ನಾಶಮಾಡುತ್ತದೆ. ಆಮ್ಲಜನಕ ಇಳಿದರೆ ಹಿಫ್ ಉಳಿದುಕೊಂಡು ಜೀವಕೋಶದ ಕೇಂದ್ರಕ್ಕೆ ಹೋಗಿ ಹೊಸ ರಕ್ತನಾಳ ಬೇಕೆಂದು ಕೂಗು ಹಾಕುತ್ತದೆ. ಈ ಗುಟ್ಟನ್ನು ಬಿಡಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಎಂಬ ಮೂವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಗುಡ್ಡ ಹತ್ತಿದವನ ದೇಹಕ್ಕೆ, ಹೊಸ ಗಾಯಕ್ಕೆ ಈ ಕೂಗು ಉಪಕಾರಿ. ಆದರೆ ಬತ್ತದ ಬಾವಿನಲ್ಲಿ ಅದು ತಿಂಗಳು ವರ್ಷ ನಿಲ್ಲದೆ ನಡೆಯುತ್ತದೆ. ಅದರ ಕರೆಗೆ ಬರುವ ರಾಸಾಯನಿಕಗಳು ರಕ್ತನಾಳಗಳನ್ನು ಇನ್ನಷ್ಟು ಸೋರುವಂತೆ ಮಾಡುತ್ತವೆ. ಬಿಳಿ ರಕ್ತಕಣಗಳು ಬಂದು ಗುಂಪುಗೂಡುತ್ತವೆ. ನಾರು ಬೆಳೆಯುತ್ತದೆ, ಕೊಬ್ಬು ಸೇರುತ್ತದೆ. ಮೊದಲ ವರ್ಷ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿದ್ದ ಕಾಲು ಕೆಲವು ವರ್ಷಗಳಲ್ಲಿ ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗುವುದು ಹೀಗೆ. ನೀರು ನಿಂತಿದ್ದರಿಂದ ಉಸಿರು ಕಟ್ಟಿತು, ಉಸಿರು ಕಟ್ಟಿದ್ದರಿಂದ ಮತ್ತಷ್ಟು ನೀರು ಬಂತು. ಗಾಣದ ಎತ್ತಿನ ಸುತ್ತಾಟ.

ಹಳೆಯ ಹಕೀಮರು ಇದನ್ನು ಕಾಣದೆ ಇರಲಿಲ್ಲ. ಇಬ್ನ್ ಸೀನಾ ತಮ್ಮ ಅಲ್ ಖಾನೂನಿನಲ್ಲಿ ದವಾಲಿ, ಅಂದರೆ ಕಾಲಿನ ಉಬ್ಬಿದ ರಕ್ತನಾಳಗಳ ಪಕ್ಕದಲ್ಲೇ ದಾಉಲ್ ಫೀಲ್ ಅಥವಾ ಆನೆಕಾಲನ್ನು ಇಟ್ಟು ಬರೆದಿದ್ದಾರೆ. ದಪ್ಪವಾದ ಖಿಲ್ತ್ ಕಾಲಿಗಿಳಿದು ಅಲ್ಲೇ ತಂಗುವುದರಿಂದ ಈ ಬಾವು ಎಂಬುದು ಅವರ ತಿಳಿವಳಿಕೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ, ಇಳಿದದ್ದು ಮೇಲೇರದೆ ತಂಗಿತು ಎಂದಷ್ಟು ಹೇಳಿದ್ದೂ ಸಣ್ಣ ಮಾತಲ್ಲ. ಆದರೆ ಅವರು ಬರೆದದ್ದಕ್ಕೆ ಸಾವಿರ ವರ್ಷವಾಗುತ್ತಾ ಬಂತು. ಅಂದಿನ ರಕ್ತ ತೆಗೆಯುವ ಉಪಾಯಗಳನ್ನು ಇಂದಿನ ಕಾಲಿಗೆ ಹಾಗೆಯೇ ಅನ್ವಯಿಸುವುದು ಅವರಿಗೆ ತೋರುವ ಗೌರವವಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ವೃತ್ತಿಯ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಹಿಜಾಮಾ ಬೇಡ ಎಂದಿದ್ದು ಇದಕ್ಕೇ. ಬಟ್ಟಲಿನೊಳಗೆ ಬರುವುದು ಚರ್ಮದ ಸಣ್ಣ ನಾಳಗಳ ರಕ್ತ, ಅದರ ಜೊತೆ ಒಂದಿಷ್ಟು ನೀರು. ಒಳಗೆ ನಾರಾಗಿ ಕೂತದ್ದು ಬರುವುದಿಲ್ಲ, ಕೆಟ್ಟ ಕವಾಟ ಸರಿಯಾಗುವುದಿಲ್ಲ. ಎರಡು ದಿನದಲ್ಲಿ ಕಾಲು ಮೊದಲಿನಂತೆಯೇ ತುಂಬುತ್ತದೆ, ಗೀರು ಮಾತ್ರ ಉಳಿಯುತ್ತದೆ. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಕೊಲ್ಲಲು ಬಳಸುವ ಮುಖ್ಯ ಆಯುಧ ಆಮ್ಲಜನಕದಿಂದಲೇ ತಯಾರಾಗುವಂಥದ್ದು. ಅದು ಸಾಲದ ಕಡೆ ಸಿಪಾಯಿ ಇದ್ದರೂ ಬಂದೂಕಿನಲ್ಲಿ ಮದ್ದಿಲ್ಲ. ಆದ್ದರಿಂದ ಆರೋಗ್ಯವಂತನ ಬೆನ್ನಿನ ಮೇಲೆ ವಾರದಲ್ಲಿ ಮಾಯುವ ಗೀರು ಈ ಕಾಲಿನ ಮೇಲೆ ತಿಂಗಳಾದರೂ ಮಾಯದೆ ರೋಗಾಣುವಿಗೆ ತೆರೆದ ಬಾಗಿಲಾಗುತ್ತದೆ. ಜಿಗಣೆ, ಸೂಜಿಯಿಂದ ಚುಚ್ಚಿ ನೀರು ಬಸಿಯುವುದು, ಬರೆ ಹಾಕುವುದು, ಕಾದ ಎಣ್ಣೆಯ ಗಟ್ಟಿ ಮಾಲೀಸು ಎಲ್ಲಕ್ಕೂ ಇದೇ ಮಾತು. ಶಸ್ತ್ರಚಿಕಿತ್ಸೆಯಿಂದ ಬಾತ ಕೈಯ ಮೇಲೂ ಹಿಜಾಮಾ ಬೇಡ.

ಚಳಿಜ್ವರದ ಬಗ್ಗೆ ಒಂದು ಮಾತು. ಆನೆಕಾಲಿನವರಿಗೆ ಆಗಾಗ ಚಳಿ, ನಡುಕ, ತೊಡೆಸಂದಿಯಲ್ಲಿ ಗಡ್ಡೆ, ಕಾಲು ಕೆಂಪು ಬಿಸಿ ಆಗುವುದುಂಟು. ಅದನ್ನು ಮಲೇರಿಯಾ ಎಂದೋ ಹುಳು ಎದ್ದಿದೆ ಎಂದೋ ತಿಳಿದು ಮನೆಯಲ್ಲೇ ಮಲಗುತ್ತಾರೆ. ಹೆಚ್ಚಿನ ಸಲ ಇದು ಬೆರಳ ಸಂದಿಯ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾದ ಕೆಲಸ. ಒಂದೊಂದು ಸಲ ಬಂದಾಗಲೂ ಉಳಿದಿದ್ದ ಅಷ್ಟಿಷ್ಟು ಕಾಲುವೆಗಳನ್ನು ಕೆಡಿಸಿ ಹೋಗುತ್ತದೆ. ಆ ದಿನ ನನ್ನ ಬಳಿ ಮಜೂನ್ ಕೇಳಿಕೊಂಡು ಬರಬೇಡಿ. ಆ್ಯಂಟಿಬಯೋಟಿಕ್ ಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಮ್ಲಜನಕ ಸಾಲದಿದ್ದರೆ ಆಮ್ಲಜನಕವನ್ನೇ ಕೊಟ್ಟರಾಯಿತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ತಜ್ಞರಿಗೂ ಅನ್ನಿಸಿತ್ತು. ಕ್ಯಾನ್ಸರ್ ಚಿಕಿತ್ಸೆಯ ನಂತರ ಕೈ ಬಾತವರನ್ನು ಇಂಗ್ಲೆಂಡಿನಲ್ಲಿ ಒತ್ತಡದ ಕೋಣೆಯೊಳಗೆ ಕೂರಿಸಿ ಶುದ್ಧ ಆಮ್ಲಜನಕ ಕೊಟ್ಟು ನೋಡಿದರು. ಮೊದಲ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು. ಆಮೇಲೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು: ಕೋಣೆಯಲ್ಲಿ ಕೂತವರ ಕೈಗೂ ಕೂರದವರ ಕೈಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನೀರು ನಿಂತ ಹೊಲಕ್ಕೆ ಯೂರಿಯಾ ಚೆಲ್ಲಿದ ಹಾಗಾಯಿತು. ಕೌಮರಿನ್ ಎಂಬ ಮಾತ್ರೆಯೂ ಒಂದು ಕಾಲಕ್ಕೆ ಹೆಸರು ಮಾಡಿತ್ತು. 1999ರಲ್ಲಿ ಅಮೆರಿಕದಲ್ಲಿ 140 ಮಹಿಳೆಯರ ಮೇಲೆ ಪರೀಕ್ಷಿಸಿದಾಗ ಕೈಯ ಬಾವು ಇಳಿಯಲಿಲ್ಲ, ಕೆಲವರ ಯಕೃತ್ತು ಕೆಟ್ಟಿತು. ಹಾಗಾಗಿ ದೊಡ್ಡ ಊರುಗಳಲ್ಲಿ ಯಾರಾದರೂ ಆಕ್ಸಿಜನ್ ಕೋಣೆಯ ಹೆಸರಿನಲ್ಲಿ ಸಾವಿರಗಟ್ಟಲೆ ಕೇಳಿದರೆ ಹೊಲ ಮಾರುವ ಮೊದಲು ಯೋಚಿಸಿ.

ಬಸಿಗಾಲುವೆ ತೆಗೆಯುವ ಕೆಲಸವನ್ನು ನಮ್ಮ ಪಕ್ಕದಲ್ಲೇ ಅಚ್ಚುಕಟ್ಟಾಗಿ ಮಾಡಿ ತೋರಿಸಿದವರಿದ್ದಾರೆ. ಕನ್ನಡಿಗರು ಬಹಳ ಇರುವ ಕಾಸರಗೋಡಿನಲ್ಲಿ ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ ಅವರ ನೇತೃತ್ವದಲ್ಲಿ 1999ರಿಂದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಇದೆ. ಆಕ್ಸ್‌ಫರ್ಡಿನ ಚರ್ಮತಜ್ಞ ಟೆರೆನ್ಸ್ ರಯಾನ್ ಅವರೊಂದಿಗೆ ಕೂಡಿ ಕೆಲಸ ಮಾಡಿದ ಈ ತಂಡ ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಒಂದೇ ಚಿಕಿತ್ಸೆಯಲ್ಲಿ ಸೇರಿಸಿತು: ಸೋಪು ನೀರಿನಿಂದ ತೊಳೆದು ಒರೆಸುವುದು, ಗಿಡಮೂಲಿಕೆಯ ನೀರಿನಲ್ಲಿ ಕಾಲು ನೆನೆಸುವುದು, ಹಗುರ ಮಾಲೀಸು, ಉಸಿರಿನೊಂದಿಗೆ ಮಾಡುವ ಚಲನೆಗಳು, ಕೊನೆಗೆ ಬಿಗಿಪಟ್ಟಿ. ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ಸಾವಿರದಷ್ಟು ರೋಗಿಗಳಿಗೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಲು ಕಲಿಸಿದರು. ಮೂರೂವರೆ ತಿಂಗಳಲ್ಲಿ ಕಾಲಿನ ಗಾತ್ರ ಇಳಿದದ್ದನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯ ಹಾಸಿಗೆಯಿಲ್ಲದೆ, ಬಡವರ ಮನೆಯಲ್ಲೇ ಇದಾಯಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯೋಗ ಎಂಬ ಹೆಸರು ಕೇಳಿ ಹಿಂಜರಿಯುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಟ್ಟಾಗ ಎದೆಯೊಳಗಿನ ದೊಡ್ಡ ದುಗ್ಧನಾಳ ಕೆಳಗಿನ ರಸವನ್ನು ಮೇಲಕ್ಕೆ ಸೆಳೆಯುತ್ತದೆ. ಅದಕ್ಕೆ ಯಾವ ಹೆಸರಿಟ್ಟರೂ ಉಸಿರು ಅದೇ.

ಮನೆಯಲ್ಲಿ ಮಾಡಬೇಕಾದ್ದಕ್ಕೆ ಬರೋಣ. ಮೊದಲನೆಯದು ತೊಳೆಯುವುದು, ಅದಕ್ಕಿಂತ ಮುಖ್ಯ ಒರೆಸುವುದು. ದಿನಕ್ಕೆ ಐದು ಸಲ ಪಾದ ತೊಳೆಯುವ ನಮ್ಮಲ್ಲಿ ಬೆರಳ ಸಂದಿಯ ಹುಣ್ಣು ಬರಬಾರದಿತ್ತು. ಆದರೂ ಬರುತ್ತದೆ, ಏಕೆಂದರೆ ತೊಳೆಯುತ್ತೇವೆ, ಒರೆಸುವುದಿಲ್ಲ. ಒದ್ದೆ ಕಾಲಿಗೇ ಚಪ್ಪಲಿ, ಒದ್ದೆ ಕಾಲಿಗೇ ಸಾಕ್ಸು. ವುಝೂವಿನಲ್ಲಿ ಕಾಲ್ಬೆರಳ ನಡುವೆ ಕಿರುಬೆರಳಾಡಿಸುವ ಖಿಲಾಲ್ ಸುನ್ನತ್ ನಮಗೆಲ್ಲ ಗೊತ್ತು, ಅವಸರದಲ್ಲಿ ಬಿಟ್ಟುಹೋಗುತ್ತದೆ. ಕಾಲು ಬಾತವರು ಅದನ್ನು ಬಿಡಲೇಬಾರದು. ಖಿಲಾಲ್ ಮಾಡುವಾಗ ಬೆರಳಿಗೆ ಬಿರುಕು, ಬಿಳಿ ಪೊರೆ, ನೋವು ತಾಕಿದರೆ ಆ ದಿನವೇ ಗೊತ್ತಾಗುತ್ತದೆ. ಆಮೇಲೆ ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ಒಂದೊಂದು ಸಂದಿಯನ್ನೂ ಒತ್ತಿ ಒಣಗಿಸಬೇಕು, ಉಜ್ಜಬಾರದು. ದಿನಕ್ಕೊಮ್ಮೆ ಸಾಧಾರಣ ಸೋಪಿನಿಂದ ಮೊಣಕಾಲಿನವರೆಗೆ ತೊಳೆದರೆ ಸಾಕು. ಸುಡುವ ನೀರು ಬೇಡ, ಕಲ್ಲಿನಿಂದ ಉಜ್ಜುವುದು ಬೇಡ. ಬಿಳಿಯಾಗಿ ಒಡೆದ ಸಂದಿಗೆ ಬೂಷ್ಟಿನ ಮುಲಾಮು ಹಚ್ಚಬೇಕು. ಹೊರಗೆ ಬರಿಗಾಲಲ್ಲಿ ಓಡಾಡಬಾರದು.

ಎರಡನೆಯದು ಪಟ್ಟಿ. ಔಷಧಿ ಅಂಗಡಿಯ ಹಿಗ್ಗುವ ಕ್ರೇಪು ಪಟ್ಟಿ ಇದಕ್ಕೆ ಸಾಲದು. ಹೆಚ್ಚು ಹಿಗ್ಗದ ಪಟ್ಟಿ ಬೇಕು, ಬೆರಳ ಬುಡದಿಂದ ಮೇಲಕ್ಕೆ ಸುತ್ತಬೇಕು, ಕೆಳಗೆ ಬಿಗಿ ಹೆಚ್ಚು ಮೇಲೆ ಕಡಿಮೆ ಇರಬೇಕು. ತಿಳಿದವರಿಂದ ಕಲಿತೇ ಕಟ್ಟಬೇಕು. ಪಟ್ಟಿ ಹೊರಗಿನ ಗೋಡೆಯಾಗಿ ನಿಂತಾಗ, ಹೆಜ್ಜೆ ಹಾಕಿದಂತೆಲ್ಲ ಮೀನಖಂಡದ ಸ್ನಾಯು ಒಳಗಿನಿಂದ ನೀರನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ನೀರು ಇಳಿದಷ್ಟೂ ನಾಳಕ್ಕೂ ಜೀವಕೋಶಕ್ಕೂ ನಡುವಿನ ದೂರ ಇಳಿಯುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕಾಲು ಬಾತು ಪದೇ ಪದೇ ಚರ್ಮದ ಸೋಂಕು ಬರುತ್ತಿದ್ದ 84 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಬಿಗಿಪಟ್ಟಿ, ಬಿಗಿ ಸಾಕ್ಸು ಹಾಕಿದವರಲ್ಲಿ ಶೇ. 15 ಮಂದಿಗೆ ಸೋಂಕು ಮರಳಿತು, ಹಾಕದವರಲ್ಲಿ ಶೇ. 40 ಮಂದಿಗೆ. ಅಂತರ ಅಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಆದರೆ ಪಟ್ಟಿಗೆ ಮೊದಲು ಪಾದದ ನಬ್ಝ್ ನೋಡಲೇಬೇಕು. ಮಣಿಕಟ್ಟಿನ ನಾಡಿಯನ್ನು ಮೂರು ಬೆರಳಿಟ್ಟು ಹತ್ತು ನಿಮಿಷ ನೋಡುವ ನಾವು ಪಾದದ ಮೇಲಿನ ನಾಡಿಯನ್ನು ಎಷ್ಟು ಸಲ ಮರೆಯುತ್ತೇವೆ! ಹಳೆಯ ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸೇದುವವರಿಗೆ ಕಾಲಿಗೆ ರಕ್ತ ತರುವ ನಾಳವೇ ಕಟ್ಟಿರಬಹುದು. ಅಂಥ ಕಾಲಿಗೆ ಬಿಗಿಪಟ್ಟಿ ಕಟ್ಟಿದರೆ ಇರುವ ಉಸಿರೂ ಹೋಗುತ್ತದೆ.

ಪಟ್ಟಿಯ ಬಗ್ಗೆ ನಮ್ಮ ಮನೆಗಳಲ್ಲಿ ಬರುವ ಪ್ರಶ್ನೆ ಬೇರೆಯೇ ಇದೆ. ವುಝೂವಿಗೆಂದು ದಿನಕ್ಕೆ ಐದು ಸಲ ಬಿಚ್ಚಿ ಕಟ್ಟಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಕೆಲವರು ಪಟ್ಟಿಯನ್ನೇ ಬಿಡುತ್ತಾರೆ. ನಮಾಝ್ ಬಿಡಬೇಕಾಯಿತಲ್ಲ ಎಂದು ಅಳುತ್ತಾ ಬಂದವರನ್ನೂ ನೋಡಿದ್ದೇನೆ. ಎರಡರಲ್ಲಿ ಯಾವುದನ್ನೂ ಬಿಡಬೇಕಿಲ್ಲ. ಗಾಯಕ್ಕೆ, ಮುರಿದ ಮೂಳೆಗೆ ಕಟ್ಟಿದ ಪಟ್ಟಿಯ ಮೇಲೆ ಮಸಹ್ ಮಾಡುವ ವಿಷಯಕ್ಕೆ ಫಿಕ್ಹ್ ಗ್ರಂಥಗಳಲ್ಲಿ ಪ್ರತ್ಯೇಕ ಭಾಗವೇ ಇದೆ. ನಾನು ಮುಫ್ತಿಯಲ್ಲ. ಬಿಚ್ಚಿದರೆ ಚಿಕಿತ್ಸೆ ಕೆಡುತ್ತದೆ ಎಂದು ನಾನು ಚೀಟಿ ಬರೆದುಕೊಡುತ್ತೇನೆ, ಅದನ್ನು ಹಿಡಿದುಕೊಂಡು ನಿಮ್ಮ ಮಸೀದಿಯ ಆಲಿಮರನ್ನು ಕೇಳಿ ಎನ್ನುತ್ತೇನೆ. ಹೆಂಗಸರು ಸಂಕೋಚಪಟ್ಟರೆ ಗಂಡನೋ ಮಗನೋ ಕೇಳಿ ಬರಲಿ.

ಮೂರನೆಯದು ಚಲನೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರಬಾರದು, ನಿಂತೇ ಇರಬಾರದು. ಹಿಮ್ಮಡಿ ಎತ್ತಿ ಇಳಿಸುವುದು, ಪಾದವನ್ನು ಗುಂಡಗೆ ತಿರುಗಿಸುವುದು ಎಲ್ಲಿ ಕೂತರೂ ಮಾಡಬಹುದು. ರಾತ್ರಿ ಹಾಸಿಗೆಯ ಕಾಲಿನ ಕಡೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ; ಹೃದಯ ದುರ್ಬಲವಾಗಿರುವವರು ಕೇಳಿ ಮಾಡಲಿ. ಮೈಭಾರ ಹೆಚ್ಚಿದ್ದರೆ ಇಳಿಸಬೇಕು. ರಕ್ತಹೀನತೆಯನ್ನು ಮರೆಯಬೇಡಿ: ಹೊರುವ ಗಾಡಿಯೇ ಕಡಿಮೆಯಿದ್ದರೆ ಹಸಿದ ಕಾಲಿಗೆ ಬರುವ ಆಮ್ಲಜನಕ ಮತ್ತೂ ಕಡಿಮೆ. ಮಾಲೀಸು ಮಾಡುವುದಾದರೆ ಬೆಣ್ಣೆ ಸವರುವಷ್ಟು ಹಗುರ ಕೈ ಸಾಕು. ಮೊದಲು ತೊಡೆಸಂದಿಯ ಕಡೆ ಜಾಗ ಮಾಡಿಕೊಂಡು, ಆಮೇಲೆ ಕೆಳಗಿನದನ್ನು ಅತ್ತ ಸರಿಸಬೇಕು.

ಎಲ್ಲ ಬಾವೂ ಇದಲ್ಲ. ಎರಡೂ ಕಾಲು ಒಟ್ಟಿಗೆ ಬಾತರೆ ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ನೋಡಿಸಬೇಕು. ಒಂದೇ ಕಾಲು ಒಂದೆರಡು ದಿನದಲ್ಲಿ ನೋವಿನೊಂದಿಗೆ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ತುರ್ತು. ದುಗ್ಧರಸದ ಬಾವನ್ನು ಗುರುತಿಸಲು ಒಂದು ಸುಲಭ ಉಪಾಯ: ಹೆಬ್ಬೆರಳ ಪಕ್ಕದ ಕಾಲ್ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಿ. ಮಡಿಕೆ ಎತ್ತಲು ಬರದಿದ್ದರೆ ಅನುಮಾನ ಬಲವಾಗುತ್ತದೆ.

ವಿಜಯನಗರ ಜಿಲ್ಲೆ ಫೈಲೇರಿಯಾದ ಪಟ್ಟಿಯಲ್ಲಿಲ್ಲ. ಆದರೆ ನಮ್ಮ ಜನ ದುಡಿಯಲು ಹೋಗುವ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ನೆಂಟಸ್ತಿಕೆ ಇರುವ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ಬಾಗಲಕೋಟೆ, ವಿಜಯಪುರ ಈ ರೋಗದ ಜಿಲ್ಲೆಗಳೆಂದು ಸರ್ಕಾರ ಗುರುತಿಸಿದಂಥವು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಹುಳುವನ್ನು ಹರಡುವುದು. 2004ರಿಂದ ದೇಶದಾದ್ಯಂತ ರೋಗದ ಜಿಲ್ಲೆಗಳಲ್ಲಿ ಎಲ್ಲರಿಗೂ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದಿದೆ. ಎರಡು ಮಾತ್ರೆಯ ಬದಲು ಮೂರು ಔಷಧಿ ಕೊಡುವ ಹೊಸ ಕ್ರಮವನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಆ ಊರುಗಳಲ್ಲಿರುವ ನಿಮ್ಮವರಿಗೆ ಆಶಾ ಕಾರ್ಯಕರ್ತೆ ಮಾತ್ರೆ ತಂದಾಗ ಜೇಬಿಗೆ ಹಾಕಿಕೊಳ್ಳದೆ ಅವರ ಮುಂದೆಯೇ ನುಂಗಲು ಹೇಳಿ. ಬಾವು ಬರುವ ಎಷ್ಟೋ ವರ್ಷ ಮೊದಲೇ ಹುಳು ಒಳಗಿರುತ್ತದೆ. ಬಾವು ಬಂದ ಮೇಲೆ ಮಾತ್ರೆ ಹುಳುವನ್ನು ಕೊಲ್ಲಬಹುದು, ಕಾಲನ್ನು ಇಳಿಸಲಾರದು.

ಖಾಲಾ ಮೊದಲು ನನ್ನ ಮೇಲೆ ಮುನಿಸಿಕೊಂಡೇ ಹೋದರು. ಮಗ ಹದಿನೈದು ದಿನ ಬಿಟ್ಟು ಕರೆತಂದ. ಗೀರಿನ ಹುಣ್ಣುಗಳು ಮುಚ್ಚಲು ಆರು ವಾರ ಹಿಡಿಯಿತು, ಅಲ್ಲಿಯವರೆಗೆ ತೊಳೆಯುವುದು ಒಣಗಿಸುವುದು ಬಿಟ್ಟರೆ ಹೆಚ್ಚೇನೂ ಮಾಡಲಿಲ್ಲ. ಆಮೇಲೆ ಸೊಸೆ ಪಟ್ಟಿ ಕಟ್ಟಲು ಕಲಿತಳು. ಮೀನಖಂಡದ ಸುತ್ತಳತೆ 47 ಸೆಂಟಿಮೀಟರ್ ಇದ್ದದ್ದು ನಾಲ್ಕು ತಿಂಗಳಲ್ಲಿ 42ಕ್ಕೆ ಬಂತು, ಅಲ್ಲಿಂದ ಈಚೆಗೆ ಇಳಿದಿಲ್ಲ. ನಾರಾಗಿ ಕೂತದ್ದು ಅಷ್ಟು ಬೇಗ ಇಳಿಯುವುದೂ ಇಲ್ಲ. ಚಳಿಜ್ವರ ಮತ್ತೆ ಬಂದಿಲ್ಲ. ಅವರು ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಕಾಲು ನೋಯುತ್ತದೆಂದು ಕೆಲ ವರ್ಷಗಳ ಹಿಂದೆ ಯಂತ್ರಕ್ಕೆ ಮೋಟರು ಹಾಕಿಸಿದ್ದರು. ಹೋದ ವಾರ ಬಂದಾಗ ಮೋಟರು ಕಳಚಿಸಿ ಮತ್ತೆ ಕಾಲಿನಿಂದಲೇ ತುಳಿಯುತ್ತಿದ್ದೇನೆ, ಪಟ್ಟಿ ಕಟ್ಟಿಕೊಂಡು ದಿನಕ್ಕೆ ಒಂದು ಗಂಟೆ, ಪರವಾಗಿಲ್ಲವೇ ಎಂದು ಕೇಳಿದರು. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡುವುದಾದರೆ ಪರವಾಗಿಲ್ಲ ಎಂದೆ.